ಕರಡಿಯ ಹೆಸರನ್ನು ಎಲ್ಲಿ ಬಿಡಿಸಬೇಕು?

ನಮಸ್ಕಾರ.

ಹಳೆಯ ಸ್ಲಾವ್ ಭಾಷೆಗಳ (ರಷ್ಯನ್, ಪೋಲಿಷ್ ಮುಂತಾದವುಗಳ ಬಳಗ) ಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ನನಗೇ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

40 ಪದ ಕೊಟ್ಟಿದ್ದೀರಿ, ಒಂದೊಂದಕ್ಕೆ ಒಂದೊಂದು ಸಾಲು. ಇದು ತುಂಬಾ ಜಾಸ್ತಿ ಆಯಿತು. ಯಾವ ಪದವೂ ಮನಸ್ಸಲ್ಲಿ ನಿಲ್ಲಲಿಲ್ಲ, ಕರಡಿಯೊಂದನ್ನು ಬಿಟ್ಟು.

ರಷ್ಯನ್ನರು ಕರಡಿಗೆ ‘ಮೆದ್ವೆದ್’ ಅನ್ನುತ್ತಾರೆ. ನೀವು ಅದನ್ನು ಮೆದ್ + ವೆದ್ ಎಂದು ಬಿಡಿಸಿ, ‘ಜೇನನ್ನು ಬಲ್ಲವನು, ನಮ್ಮ ವೇದ ಎಂಬ ಪದದ ಬೇರು ಇದೇ’ ಎಂದಿದ್ದೀರಿ. ಅಲ್ಲಿನ ಜನರೂ ಎಷ್ಟೋ ಸಲ ಹಾಗೇ ಬಿಡಿಸುತ್ತಾರೆ. ಆದರೆ ತಪ್ಪು. ಅದು ಮೆದು + ಎದ್. ‘ಮೆದು’ ಅಂದರೆ ಜೇನು, ‘ಎದ್’ ಅಂದರೆ ತಿನ್ನು. ಜೇನು ತಿನ್ನುವವನು. ಉಕಾರದ ಮುಂದೆ ಸ್ವರ ಬಂದು ವಕಾರವಾಯಿತು. ಶಾಲೆಯಲ್ಲಿ ಮನು + ಅಂತರ = ಮನ್ವಂತರ ಎಂದು ಕಲಿತಿದ್ದೇವಲ್ವಾ, ಥೇಟ್ ಹಾಗೆ. ಋಗ್ವೇದದ 1ನೇ ಮಂಡಲ, 164ನೇ ಸೂಕ್ತದಲ್ಲಿ ‘ಮಧ್ವದಃ’ ಎಂಬ ಮಾತಿದೆ, ಮಧು + ಅದ್ (ತಿನ್ನು). ಅಲ್ಲಿ ಜೇನು ತಿನ್ನುವವು ಹಕ್ಕಿಗಳು. ಅದೇ ಎರಡು ಬೇರು, ಅದೇ ಜೋಡಣೆ! ನಿಮ್ಮ ವೇದದ ನಂಟು ಇಲ್ಲೇ ಇತ್ತು, ನೀವು ಒಂದಕ್ಷರ ಆಚೆ ಹುಡುಕಿದಿರಿ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. ಸಂಸ್ಕೃತದಲ್ಲಿ ಕರಡಿ ‘ಋಕ್ಷ’, ಗ್ರೀಕಿನಲ್ಲಿ ‘ಆರ್ಕ್ತೊಸ್’. ಎರಡೂ ಒಂದೇ ಮೂಲದವು. ಸ್ಲಾವ್ ಭಾಷೆಗಳಲ್ಲಿ ಆ ಹಳೇ ಹೆಸರು ಎಲ್ಲಿ ಹೋಯಿತು? ಹೆಸರು ಹಿಡಿದು ಕರೆದರೆ ಪ್ರಾಣಿ ಬಂದೇಬಿಡುತ್ತದೆ ಎಂಬ ಭಯಕ್ಕೆ ಜನ ಅದನ್ನು ಆಡುವುದೇ ಬಿಟ್ಟರು ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನದೆ ‘ಹುಳ’ ಅನ್ನುವುದಿಲ್ವಾ? ಓದುಗರಿಗೆ ಇದು ತಕ್ಷಣ ತಟ್ಟುತ್ತದೆ.

‘ಎಲ್ಲವೂ ಸಂಸ್ಕೃತದಿಂದ ಹೋದವು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಮಧು, ಮೆದು ಎರಡೂ ಒಂದೇ ತಾಯಿಯ ಮಕ್ಕಳು. ನಿಜವಾಗಿ ಸಾಲ ಪಡೆದ ಪದಗಳು ಬೇರೆಯೇ ಇವೆ. ರೊಟ್ಟಿಗೆ ಅವರು ಅನ್ನುವ ‘ಖ್ಲೆಬ್’ ಜರ್ಮನಿಕ್ ಭಾಷೆಯಿಂದ (ಇಂಗ್ಲಿಷ್, ಜರ್ಮನ್ ಸೇರಿದ ಬಳಗ) ಬಂದದ್ದು, ಇಂಗ್ಲಿಷಿನ ‘ಲೋಫ್’ ಅದರ ನೆಂಟ. ದೊರೆಗೆ ಅನ್ನುವ ‘ಕೊರೋಲ್’ ಪಶ್ಚಿಮ ಯುರೋಪಿನ ಬಹುಭಾಗ ಆಳಿ 814ರಲ್ಲಿ ತೀರಿಕೊಂಡ ಶಾರ್ಲಮೇನ್ ಚಕ್ರವರ್ತಿಯ ಹೆಸರು, ಕಾರ್ಲ್. ಒಬ್ಬ ಮನುಷ್ಯನ ಹೆಸರು ಪದವಿಯ ಹೆಸರಾಯಿತು! ಇದನ್ನು ನೀವು ಬರೀ ಆರು ಪದದ ಒಂದು ಸಾಲಲ್ಲಿ ಮುಗಿಸಿದ್ದೀರಿ.

37 ಪದ ಬಿಡಿ. ಕರಡಿ, ರೊಟ್ಟಿ, ದೊರೆ ಇಷ್ಟೇ ಇರಲಿ. ಕರಡಿಯಿಂದಲೇ ಶುರು ಮಾಡಿ, ಪೀಠಿಕೆ ಬೇಡ. ಬರೆದು ನೇರ ನನಗೇ ಕಳಿಸಿ.