ಹಾಲಿಗಾಗಿ ಮೊದಲ ಮೇಕೆ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಲಿಗಾಗಿ ಮೊದಲ ಸಲ ಮೇಕೆ ಸಾಕಲು ಹೊರಟವರದು. ಕೆಲವರು ಇನ್ನೂ ಕೊಂಡಿಲ್ಲ, ಕೆಲವರು ಕೊಂಡು ವಾರ ಕಳೆಯುವುದರೊಳಗೆ ಗಾಬರಿಯಾಗಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಬಹುತೇಕ ಎಲ್ಲರೂ ಹಾಲಿನ ಲೆಕ್ಕದಿಂದಲೇ ಪತ್ರ ಆರಂಭಿಸಿದ್ದಾರೆ. ನಾನು ಮಾತ್ರ ಮತ್ತೆ ಮತ್ತೆ ಮೇಕೆಯ ಹೊಟ್ಟೆಯ ಕಡೆಗೆ ತಿರುಗುತ್ತೇನೆ. ಹಾಲು ಬರುವುದು ಅಲ್ಲಿಂದ, ಹೊಸಬರ ಕೈಯಲ್ಲಿ ಮೇಕೆಗಳು ಸಾಯುವುದೂ ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ. ದಿನಕ್ಕೆ ಒಂದೂವರೆ ಲೀಟರ್ ಹಾಲು ಸಿಕ್ಕರೆ ಸಾಕು. ಒಂದೇ ಮೇಕೆ ಸಾಕಿದರೆ ಆಗದೇ? ಜೊತೆಗೊಂದು ಹೋತವೂ ಬೇಕೇ?

ಉತ್ತರ: ನಿಮ್ಮ ಲೆಕ್ಕಕ್ಕೆ ಒಂದು ಸಾಕು, ಮೇಕೆಗೆ ಸಾಲದು. ಅದು ಹಿಂಡಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ದಿನವಿಡೀ ಅರಚುತ್ತದೆ, ಮೇವನ್ನು ಅರ್ಧಕ್ಕೇ ಬಿಡುತ್ತದೆ, ಬೇಲಿ ಹಾರುವ ದಾರಿ ಹುಡುಕುತ್ತದೆ. ಮನೆಯ ನಾಯಿಯೋ ಹಸುವೋ ಜೊತೆಗಿದ್ದರೆ ಸಾಕೆಂದು ಹೇಳುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಎರಡು ಹೆಣ್ಣು ಮೇಕೆ ಕೊಳ್ಳಿ. ಒಂದು ಈದ ನಾಲ್ಕೈದು ತಿಂಗಳಿಗೆ ಇನ್ನೊಂದು ಈಯುವಂತೆ ಹೊಂದಿಸಿಕೊಂಡರೆ ಹಾಲು ವರ್ಷದುದ್ದಕ್ಕೂ ಸಿಗುತ್ತದೆ. ಉಷ್ಣವಲಯದಲ್ಲಿ ಇದು ಸುಲಭ. ಶೀತ ಪ್ರದೇಶಗಳಲ್ಲಿ ಮೇಕೆಗಳು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಬೆದೆಗೆ ಬರುವುದರಿಂದ ಹೀಗೆ ಹೊಂದಿಸುವುದು ಕಷ್ಟ.

ಹೋತ ಬೇಡ. ಎರಡು ಮೇಕೆಗಾಗಿ ವರ್ಷವಿಡೀ ಹೋತಕ್ಕೆ ಮೇವು ಹಾಕುವುದರಲ್ಲಿ ಅರ್ಥವಿಲ್ಲ. ಬೆದೆಯ ಕಾಲದಲ್ಲಿ ಅದರ ವಾಸನೆ ತಡೆಯಲಾಗದು, ಬಲವೂ ಹೊಸಬರ ಕೈಗೆ ಮೀರಿದ್ದು. ಹೆಣ್ಣು ಮೇಕೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಒಂದೆರಡು ದಿನ ಬೆದೆಯಲ್ಲಿರುತ್ತದೆ. ಬಿಡದೆ ಬಾಲ ಅಲ್ಲಾಡಿಸುತ್ತಾ ಕಾರಣವಿಲ್ಲದೆ ಕೂಗತೊಡಗಿದರೆ ಅದೇ ಸೂಚನೆ. ಆಗ ರೋಗವಿಲ್ಲದ ಹಿಂಡಿನ ಒಳ್ಳೆಯ ಹೋತದ ಬಳಿಗೆ ಕರೆದೊಯ್ಯಿರಿ, ಇಲ್ಲವೇ ಕೃತಕ ಗರ್ಭಧಾರಣೆ ಮಾಡಿಸಿ.

ಪ್ರಶ್ನೆ: ಮಾರುವವರು ‘ದಿನಕ್ಕೆ ಮೂರು ಲೀಟರ್ ಕೊಡುತ್ತದೆ’ ಎನ್ನುತ್ತಾರೆ. ನಂಬುವುದು ಹೇಗೆ? ಯಾವ ತಳಿ ಒಳ್ಳೆಯದು?

ಉತ್ತರ: ನಂಬುವ ಅಗತ್ಯವೇ ಇಲ್ಲ, ಕರೆಸಿ ನೋಡಿ. ಸಂಜೆ ಹೋಗಿ ನಿಮ್ಮೆದುರಿಗೇ ಪೂರ್ತಿ ಕರೆಯಲು ಹೇಳಿ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅಳೆಯಿರಿ. ಒಂದು ಹೊತ್ತು ಕರೆಯದೆ ಬಿಟ್ಟು, ಬಿಗಿದ ಕೆಚ್ಚಲನ್ನು ತೋರಿಸಿ ಮಾರುವವರು ಇದ್ದಾರೆ. ಅದು ಕೊಳ್ಳುವವರಿಗೆ ಮಾಡುವ ಮೋಸ. ಮೇಕೆಗೆ ಕೊಡುವ ಹಿಂಸೆಯೂ ಹೌದು. ಅಂಥವರಲ್ಲಿ ಕೊಳ್ಳಬೇಡಿ.

ಈದು ಎಷ್ಟು ದಿನವಾಯಿತು ಎಂದೂ ಕೇಳಿ. ಈದ ಒಂದೆರಡು ತಿಂಗಳಲ್ಲಿ ಹಾಲು ಏರುವಷ್ಟು ಏರಿ, ಆಮೇಲೆ ಮೆಲ್ಲನೆ ಇಳಿಯುತ್ತಾ ಹೋಗುತ್ತದೆ. ಆರನೇ ವಾರದಲ್ಲಿ ಮೂರು ಲೀಟರ್ ಕೊಡುವ ಮೇಕೆಗೂ ಆರನೇ ತಿಂಗಳಲ್ಲಿ ಅಷ್ಟೇ ಕೊಡುವ ಮೇಕೆಗೂ ಅಜಗಜಾಂತರ.

ಕರೆದು ಮುಗಿದ ಮೇಲೆ ಕೆಚ್ಚಲನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಕೆಚ್ಚಲು ಬರಿದಾದಾಗ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಕರೆದ ಮೇಲೂ ಒಂದು ಪಕ್ಕ ಗಟ್ಟಿಯಾಗಿಯೇ ಉಳಿದರೆ, ಬೆರಳಿಗೆ ಒಳಗಿನ ಗಂಟು ತಾಗಿದರೆ, ಅದು ಕೆಚ್ಚಲು ಬಾವು ಬಂದು ಹೋದ ಗುರುತು. ಆ ಪಕ್ಕದ ಹಾಲು ಮೊದಲಿನಂತೆ ಆಗುವುದು ಅಪರೂಪ. ಮೊಲೆತೊಟ್ಟು ಎರಡೇ ಇರಬೇಕು, ನಿಮ್ಮ ಕೈಗೆ ಹಿಡಿತ ಸಿಗುವಷ್ಟು ಉದ್ದವಿರಬೇಕು. ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿಸಿ. ಒಡೆದ ಹಾಲಿನಂಥ ಚೂರು, ನೀರು ಅಥವಾ ರಕ್ತದ ಎಳೆ ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಬಾಯಿ ತೆರೆದು ನೋಡಿದಾಗ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲವೆಂದು ಗಾಬರಿಯಾಗಬೇಡಿ, ಮೇಕೆಗೆ ಅಲ್ಲಿ ಹಲ್ಲಿರುವುದಿಲ್ಲ. ಕೆಳಗಿನ ಎಂಟು ಹಲ್ಲುಗಳೇ ವಯಸ್ಸು ಹೇಳುತ್ತವೆ. ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಹಲ್ಲು ಬಂದಿದ್ದರೆ ಒಂದು ವರ್ಷ ದಾಟಿದೆ, ನಾಲ್ಕಿದ್ದರೆ ಸುಮಾರು ಎರಡು ವರ್ಷ, ಆರಿದ್ದರೆ ಮೂರು, ಎಂಟೂ ಬಂದಿದ್ದರೆ ನಾಲ್ಕು. ದವಡೆಯ ಕೆಳಗೆ, ಕಿವಿಯ ಬುಡದಲ್ಲಿ ಕೈಯಾಡಿಸಿ. ಅಲ್ಲಿ ಗಂಟಿದ್ದರೆ ಹಿಂಡಿಗೇ ಹರಡುವ ಕೀವಿನ ರೋಗವಿರಬಹುದು. ಮುಂಗಾಲಿನ ಮೊಣಕಾಲು ಊದಿದ್ದರೆ ಸಿಎಇ ಎಂಬ ವೈರಸ್ ರೋಗದ ಅನುಮಾನ. ಇದು ತಾಯಿಯ ಹಾಲಿನಿಂದ ಮರಿಗೆ ದಾಟುತ್ತದೆ, ಇದಕ್ಕೆ ಔಷಧವಿಲ್ಲ. ಸಿಎಇ ಮತ್ತು ಹಾಲಿನ ಮೂಲಕ ಮನುಷ್ಯರಿಗೂ ಬರುವ ಬ್ರುಸೆಲ್ಲೋಸಿಸ್ ಎಂಬ ಜ್ವರದ ರೋಗ, ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಹಣ ಕೊಡಿ.

ತಳಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ವಿಟ್ಜರ್ಲೆಂಡ್ ಮೂಲದ ಸಾನೆನ್ ಹೆಚ್ಚು ಹಾಲಿಗೆ ಹೆಸರಾದದ್ದು, ಆದರೆ ಬಿಸಿಲು ತಡೆಯುವುದು ಕಡಿಮೆ. ಜೋಲುಗಿವಿಯ ನೂಬಿಯನ್ ಕೊಡುವ ಹಾಲು ಅದಕ್ಕಿಂತ ಕಡಿಮೆ, ಜಿಡ್ಡು ಹೆಚ್ಚು, ಸೆಕೆಯನ್ನೂ ತಾಳಿಕೊಳ್ಳುತ್ತದೆ. ನಿಮ್ಮ ಹವೆಯಲ್ಲಿ ಈಗಾಗಲೇ ಚೆನ್ನಾಗಿ ಬಾಳುತ್ತಿರುವ ತಳಿಯನ್ನೇ ಆರಿಸಿ, ಆ ಮೇಕೆಯ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸಿ. ತಳಿಗಿಂತ ಮುಖ್ಯವಾದದ್ದು ಸೂಲು. ಎರಡನೇ ಅಥವಾ ಮೂರನೇ ಸೂಲಿನ ಸಾಧು ಮೇಕೆ ನಿಮಗೆ ಕರೆಯುವುದನ್ನು ಕಲಿಸುತ್ತದೆ. ಚೊಚ್ಚಲು ಮೇಕೆಗೂ ಕರೆಸಿಕೊಂಡು ಗೊತ್ತಿಲ್ಲ, ನಿಮಗೂ ಕರೆದು ಗೊತ್ತಿಲ್ಲ ಎಂದಾದರೆ ಇಬ್ಬರಿಗೂ ಸಂಕಟ.

ಪ್ರಶ್ನೆ: ತಂದ ನಾಲ್ಕನೇ ದಿನ ಮೇಕೆ ಮೇವು ಬಿಟ್ಟಿತು. ಎಡಗಡೆ ಹೊಟ್ಟೆ ಉಬ್ಬಿತ್ತು, ಹಿಕ್ಕೆ ನೀರಾಗಿತ್ತು. ಹಾಲು ಹೆಚ್ಚಲೆಂದು ಮೆಕ್ಕೆಜೋಳದ ನುಚ್ಚನ್ನು ಧಾರಾಳವಾಗಿ ಕೊಟ್ಟಿದ್ದೆವು. ಪಶುವೈದ್ಯರು ಬಂದು ಉಳಿಸಿದರು. ಇನ್ನು ಮುಂದೆ ಏನು ಎಚ್ಚರ ವಹಿಸಬೇಕು?

ಉತ್ತರ: ನಿಮ್ಮ ಮೇಕೆ ಉಳಿದದ್ದು ನಿಜಕ್ಕೂ ಸಂತೋಷದ ಸಂಗತಿ. ಇಂಥ ಎಷ್ಟೋ ಪ್ರಕರಣಗಳಲ್ಲಿ ನಮ್ಮನ್ನು ಕರೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮೇಕೆಯ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ದೊಡ್ಡದು ರೂಮೆನ್. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಆ ಹುದುಗಿನಿಂದ ಹುಟ್ಟುವ ಆಮ್ಲಗಳೇ ಮೇಕೆಗೆ ಶಕ್ತಿ, ಹಾಲಿನ ಜಿಡ್ಡಿನ ಮೂಲವೂ ಅವೇ. ಸೊಪ್ಪು, ಒಣ ಮೇವು ತಿನ್ನುತ್ತಿದ್ದ ಮೇಕೆಯಲ್ಲಿ ನಾರು ಅರಗಿಸುವ ಜೀವಿಗಳೇ ಹೆಚ್ಚಿರುತ್ತವೆ. ಅದರ ಮೇಲೆ ಒಮ್ಮೆಲೇ ಕಾಳು ಬಿದ್ದರೆ ಪಿಷ್ಟ ತಿನ್ನುವ ಜೀವಿಗಳು ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ಹುಳಿ ಏರಿದಂತೆ ನಾರಿನ ಜೀವಿಗಳು ಸಾಯುತ್ತವೆ, ಹೊಟ್ಟೆಯ ಚಲನೆ ನಿಲ್ಲುತ್ತದೆ, ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಅತಿಯಾದ ಕಾಳು ಕರುಳಿಗೆ ಇಳಿದರೆ ಅಲ್ಲಿರುವ ಕ್ಲಾಸ್ಟ್ರಿಡಿಯಂ ರೋಗಾಣು ವಿಷ ಕಾರಿ, ಬೆಳಿಗ್ಗೆ ಚೆನ್ನಾಗಿದ್ದ ಮೇಕೆ ಸಂಜೆಗೆ ಸತ್ತಿರಬಹುದು. ಈ ಕರುಳುಬೇನೆಗೆ ಲಸಿಕೆಯಿದೆ. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ಕೊಡಿಸಿ, ಮುಂದಿನದನ್ನು ನಿಮ್ಮ ವೈದ್ಯರು ಹೇಳಿದ ಕಾಲಕ್ಕೆ ತಪ್ಪಿಸಬೇಡಿ.

ಆದ್ದರಿಂದ ಮೇಕೆ ತರುವಾಗ ಅದು ತಿನ್ನುತ್ತಿದ್ದ ಮೇವನ್ನೂ ಒಂದು ವಾರಕ್ಕಾಗುವಷ್ಟು ತನ್ನಿ. ಹೊಸದನ್ನು ದಿನಕ್ಕಿಷ್ಟು ಎಂದು ಬೆರೆಸುತ್ತಾ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬದಲಾಯಿಸಿ. ಹಾಲು ಕರೆಯುವ ಮೇಕೆಗೆ ಪ್ರತಿ ಲೀಟರ್ ಹಾಲಿಗೆ 300ರಿಂದ 400 ಗ್ರಾಂ ದಾಣಿ (ಕಾಳು, ಹಿಂಡಿಯ ಮಿಶ್ರಣ) ಸಾಕು, ಅದನ್ನೂ ಎರಡು ಹೊತ್ತಿಗೆ ಹಂಚಿ ಕೊಡಿ. ಮೊದಲು ಒಣ ಮೇವು, ಆಮೇಲೆ ದಾಣಿ. ಹೊಟ್ಟೆಗೆ ಬೀಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಮೇವೇ ಇರಲಿ. ಕಾಳಿನ ಚೀಲ ಮಾತ್ರ ಅಗುಳಿ ಹಾಕಿದ ಬಾಗಿಲಿನ ಹಿಂದೆ ಇರಲಿ, ಚಿಲಕ ತೆಗೆಯಲು ಮೇಕೆ ಬಲು ಬೇಗ ಕಲಿಯುತ್ತದೆ. ಖನಿಜ ಮಿಶ್ರಣ ಕೊಳ್ಳುವಾಗ ಮೇಕೆಗೆಂದೇ ತಯಾರಿಸಿದ್ದನ್ನು ಕೇಳಿ. ಕುರಿಗಳಿಗೆ ತಾಮ್ರ ವಿಷವಾಗುವುದರಿಂದ ಅವುಗಳ ಮಿಶ್ರಣಕ್ಕೆ ತಾಮ್ರ ಸೇರಿಸುವುದಿಲ್ಲ. ಮೇಕೆಗೆ ಅದು ಬೇಕೇ ಬೇಕು.

ಇನ್ನೊಂದು ಅಭ್ಯಾಸ ಇಂದೇ ಆರಂಭಿಸಿ. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಒಂದು ಗುಳಿಯಿದೆ. ಅಲ್ಲಿ ಮುಷ್ಟಿ ಒತ್ತಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಆರೋಗ್ಯವಂತ ಮೇಕೆಯಲ್ಲಿ ಒಳಗಿನಿಂದ ಅಲೆಯೊಂದು ಎದ್ದು ಒಂದೆರಡು ಸಲ ನಿಮ್ಮ ಮುಷ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಇಲ್ಲದಿದ್ದರೆ, ಮೆಲುಕು ನಿಂತಿದ್ದರೆ, ಕೂಡಲೇ ದಾಣಿ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಗುಳಿ ಉಬ್ಬಿ ಡೋಲಿನಂತೆ ಬಿಗಿದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಪ್ರತಿ ತಿಂಗಳು ಜಂತುನಾಶಕ ಕುಡಿಸಬೇಕೆಂದು ಪಕ್ಕದವರು ಹೇಳುತ್ತಾರೆ. ಹೌದೇ?

ಉತ್ತರ: ಖಂಡಿತ ಬೇಡ. ಹೀಗೆ ಎಲ್ಲ ಮೇಕೆಗೂ ತಿಂಗಳು ತಿಂಗಳು ಕುಡಿಸಿಯೇ ಪ್ರಪಂಚದ ಹಲವೆಡೆ ಔಷಧಕ್ಕೆ ಬಗ್ಗದ ಹುಳುಗಳು ಬೆಳೆದಿವೆ. ಮುಖ್ಯ ಶತ್ರು ಹೀಮೋಂಕಸ್ ಎಂಬ ರಕ್ತ ಹೀರುವ ಹುಳು. ಅದರ ಮರಿಗಳು ಹುಲ್ಲಿನ ಬುಡದ ತೇವದಲ್ಲಿ ಇರುತ್ತವೆ. ಮೇಕೆ ಸ್ವಭಾವತಃ ತಲೆಯೆತ್ತಿ ಪೊದೆ, ಮರದ ಸೊಪ್ಪು ತಿನ್ನುವ ಪ್ರಾಣಿ. ಬೋಳು ಮೇದ ನೆಲದಲ್ಲಿ ಬಲವಂತವಾಗಿ ಮೇಯಿಸಿದಾಗಲೇ ಹೊಟ್ಟೆಗೆ ಹುಳು ಸೇರುವುದು. ಸೊಪ್ಪನ್ನು ಎತ್ತರದಲ್ಲಿ ಕಟ್ಟಿ ತಿನ್ನಿಸಿ, ಇಬ್ಬನಿ ಆರಿದ ಮೇಲೆ ಬಿಡಿ, ಹುಲ್ಲು ಗೇಣುದ್ದಕ್ಕಿಂತ ಗಿಡ್ಡವಾದಾಗ ಜಾಗ ಬದಲಿಸಿ. ಹೊಸ ಜಾಗಕ್ಕೆ ಬಿಡುವ ಮೊದಲು ಕಣಗಿಲೆ, ಲಂಟಾನದಂಥ ವಿಷಗಿಡಗಳಿವೆಯೇ ನೋಡಿಕೊಳ್ಳಿ.

ವಾರ, ಎರಡು ವಾರಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆಯನ್ನು ಬಿಸಿಲಿನಲ್ಲಿ ಹೆಬ್ಬೆರಳಿನಿಂದ ಜಗ್ಗಿ ನೋಡಿ. ಒಳಪೊರೆ ಕೆಂಪಾಗಿದ್ದರೆ ಚಿಂತೆಯಿಲ್ಲ, ಬಿಳಿಚಿಕೊಂಡಿದ್ದರೆ ರಕ್ತ ಹೋಗಿದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಎಂಬ ಐದು ಬಣ್ಣಗಳ ಕಾರ್ಡ್ ಇದನ್ನೇ ಅಳೆಯುತ್ತದೆ. ದವಡೆಯ ಕೆಳಗೆ ನೀರಿಳಿದು ಊದಿದ್ದರೆ ಅಪಾಯ ಹತ್ತಿರವಿದೆ. ಹಿಕ್ಕೆ ಪರೀಕ್ಷೆ ಮಾಡಿಸಿ, ಅಗತ್ಯವಿರುವ ಮೇಕೆಗೆ ಮಾತ್ರ ಔಷಧ ಕೊಡಿಸಿ. ಪ್ರಮಾಣವನ್ನು ವೈದ್ಯರೇ ಹೇಳಬೇಕು: ಮೇಕೆಯ ಮೈ ಹಲವು ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿಬಿಡುವುದರಿಂದ ಕುರಿಯ ಪ್ರಮಾಣ ಸಾಲದೆ ಹೋಗುತ್ತದೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದೂ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹಾಲಿಗೆ ಹೋತದ ವಾಸನೆ ಬರುತ್ತಿದೆ. ಮೇಕೆ ಹಾಲೆಂದರೆ ಹಾಗೆಯೇ?

ಉತ್ತರ: ಅಲ್ಲ. ಶುಚಿಯಾಗಿ ಕರೆದು ತಕ್ಷಣ ತಣಿಸಿದ ಮೇಕೆ ಹಾಲಿಗೆ ಕೆಟ್ಟ ವಾಸನೆ ಇರುವುದಿಲ್ಲ. ಪಕ್ಕದಲ್ಲಿ ಹೋತವಿದೆಯೇ ನೋಡಿ, ಇದ್ದರೆ ದೂರ ಕಟ್ಟಿ. ಕೆಚ್ಚಲು ಒರೆಸಿ ಒಣಗಿಸಿದ ಮೇಲೆ ಕರೆಯಿರಿ, ಮೊದಲ ಧಾರೆಗಳನ್ನು ಬೇರೆ ಹಿಂಡಿ, ಸ್ಟೀಲ್ ಪಾತ್ರೆ ಬಳಸಿ. ಸೋಸಿದ ಕೂಡಲೇ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಳಿಸಿ ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಇಷ್ಟಾದರೂ ವಾಸನೆ ಹೋಗದಿದ್ದರೆ ಕಣ್ಣಿಗೆ ಕಾಣದ ಕೆಚ್ಚಲು ಬಾವು ಇರಬಹುದು, ಹಾಲನ್ನು ಪರೀಕ್ಷೆಗೆ ಕಳುಹಿಸಿ.

ಪ್ರಶ್ನೆ: ಹಸಿ ಹಾಲು ಅಮೃತವೆನ್ನುತ್ತಾರೆ. ಎಂಟು ತಿಂಗಳ ಮಗುವಿಗೂ ಕುಡಿಸಬಹುದೇ? ಹಸುವಿನ ಹಾಲು ಅದಕ್ಕೆ ಒಗ್ಗುವುದಿಲ್ಲ.

ಉತ್ತರ: ದಯವಿಟ್ಟು ಕುಡಿಸಬೇಡಿ, ಕಾಯಿಸಿಯೂ ಬೇಡ. ವರ್ಷ ತುಂಬದ ಮಗುವಿಗೆ ತಾಯಿ ಹಾಲಿನ ಬದಲು ಮೇಕೆ ಹಾಲು ಸಲ್ಲದು. ಅದರಲ್ಲಿ ಫೋಲೇಟ್ ತೀರಾ ಕಡಿಮೆ, ಅದನ್ನೇ ನೆಚ್ಚಿದ ಕೂಸುಗಳಿಗೆ ರಕ್ತಹೀನತೆ ಬರುತ್ತದೆ. ಹಸುವಿನ ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮೇಕೆ ಹಾಲೂ ಆಗದು, ಎರಡರ ಪ್ರೋಟೀನುಗಳೂ ಒಂದನ್ನೊಂದು ಹೋಲುತ್ತವೆ. ಮಕ್ಕಳ ವೈದ್ಯರ ಬಳಿ ಹೋಗಿ.

ದೊಡ್ಡವರೂ ಹಸಿಯಾಗಿ ಕುಡಿಯಬಾರದು. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರನ್ನು ತಿಂಗಳುಗಟ್ಟಲೆ ಮಲಗಿಸುತ್ತಿದ್ದ ಜ್ವರದ ರೋಗಾಣುವನ್ನು 1887ರಲ್ಲಿ ಡೇವಿಡ್ ಬ್ರೂಸ್ ಬೇರ್ಪಡಿಸಿದರು. ಅದು ಮೇಕೆಗಳಲ್ಲಿದೆ, ಹಾಲಿನ ಮೂಲಕ ಬರುತ್ತಿದೆ ಎಂಬುದು ಬೆಳಕಿಗೆ ಬಂದದ್ದು 1905ರಲ್ಲಿ, ತೆಮಿಸ್ಟೋಕ್ಲಿಸ್ ಜಮ್ಮಿತ್ ಅವರ ಪರೀಕ್ಷೆಗಳಿಂದ. ಅಷ್ಟು ವರ್ಷ ಯಾರೂ ಮೇಕೆಯನ್ನು ಅನುಮಾನಿಸಲಿಲ್ಲ, ಏಕೆಂದರೆ ಅವು ನೋಡಲು ಗಟ್ಟಿಮುಟ್ಟಾಗಿದ್ದವು. ಆ ರೋಗವೇ ಬ್ರುಸೆಲ್ಲೋಸಿಸ್, ನಿಮ್ಮ ಮೇಕೆಯೂ ಅದನ್ನು ಹೊತ್ತುಕೊಂಡು ಚೆನ್ನಾಗಿಯೇ ಕಾಣಬಹುದು. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡಿ. ಥರ್ಮಾಮೀಟರ್ ಇಲ್ಲದಿದ್ದರೆ ಒಮ್ಮೆ ಉಕ್ಕಿಸಿ. ಕಂದು ಹಾಕಿದ, ಅಂದರೆ ಗರ್ಭಪಾತವಾದ ಮೇಕೆಯ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲೂ ಈ ರೋಗಾಣು ಇರಬಹುದು.

ಪ್ರಶ್ನೆ: ಮರಿ ಹಾಕಿಸದೆ ಹಾಲು ಕರೆಯುತ್ತಲೇ ಇರಬಹುದೇ? ಗಂಡು ಮರಿಗಳನ್ನು ಏನು ಮಾಡುವುದು?

ಉತ್ತರ: ಒಂದು ಸೂಲಿನ ಹಾಲು ಸಾಮಾನ್ಯವಾಗಿ ಹತ್ತು ತಿಂಗಳು. ಅಪರೂಪಕ್ಕೆ ಕೆಲವು ಮೇಕೆಗಳು ಎರಡು ವರ್ಷದವರೆಗೂ ಕೊಡುತ್ತವೆ, ಅದನ್ನು ನೆಚ್ಚಿ ಕೂರುವಂತಿಲ್ಲ. ಗಬ್ಬದ ಅವಧಿ ಸುಮಾರು 150 ದಿನ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಕೆಚ್ಚಲಿಗೆ ಬಿಡುವು ಕೊಡಿ. ಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಸೇರಲೇಬೇಕು, ಮೊದಲ ದಿನ ಮೈತೂಕದ ಹತ್ತನೇ ಒಂದು ಪಾಲಿನಷ್ಟಾದರೂ. ಅವಳಿ ಮರಿ ಸಾಮಾನ್ಯ, ಅವುಗಳಲ್ಲಿ ಅರ್ಧ ಗಂಡಾಗಿರುತ್ತವೆ. ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮೇಕೆಗೆ ಹೋತ ಕೊಡಿಸುವ ಮೊದಲೇ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಿ. ಇಟ್ಟುಕೊಳ್ಳುವುದಾದರೆ ಬೀಜ ಒಡೆಸಿ, ಕಾಳು ಕಡಿಮೆ ಕೊಡಿ. ಹೆಚ್ಚಾದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬೀಜ ಒಡೆಸದಿದ್ದರೆ ಮೂರು ತಿಂಗಳು ತುಂಬುವುದರೊಳಗೆ ಬೇರೆ ಕೊಟ್ಟಿಗೆಗೆ ಹಾಕಿ. ಆ ವಯಸ್ಸಿಗೇ ಅವು ತಾಯಿಯನ್ನೂ ಒಡಹುಟ್ಟಿದ ಹೆಣ್ಣು ಮರಿಯನ್ನೂ ಗಬ್ಬ ಮಾಡಬಲ್ಲವು.