ದಾಕ್ಷಿಣ್ಯಕ್ಕೆ ಒಪ್ಪಬೇಕಾದ ನೌಕರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅವರು ನನ್ನ ಬಳಿ ಸಲಹೆಗೆ ಬಂದದ್ದು ನಿದ್ರೆ ಬರುವುದಿಲ್ಲ ಎಂಬ ದೂರಿನೊಂದಿಗೆ. ವಯಸ್ಸು 39, ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಹಿರಿಯ ಸಾಫ್ಟ್‌ವೇರ್ ಎಂಜಿನಿಯರ್. ಮನೆಸಾಲದ ಕಂತು, ಶಾಲೆಗೆ ಹೋಗುವ ಮಗಳು, ಸಕ್ಕರೆ ಕಾಯಿಲೆಯ ತಂದೆ. ಹಿಂದೆ ಅವರ ಕೈಕೆಳಗೆ ಕೆಲಸ ಕಲಿತ ಹುಡುಗನೊಬ್ಬ ಆಟೊ, ಬೈಕ್ ಟ್ಯಾಕ್ಸಿಗಳ ಸ್ಟಾರ್ಟಪ್ ಆರಂಭಿಸಿ, ‘ನೀವು ಬಂದರೆ ಇದು ನೆಲೆಯೂರುತ್ತದೆ ಸರ್’ ಎಂದು ಕರೆದಿದ್ದ. ಸಂಬಳ ಮೂರನೇ ಒಂದು ಭಾಗ ಕಡಿಮೆ, ಬದಲಿಗೆ ಷೇರುಗಳ ಭರವಸೆ.

‘ನಾನು ಹೇಡಿ ಇರಬೇಕು’ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಮಳೆಯ ಸಂಜೆ ಸಿಲ್ಕ್ ಬೋರ್ಡ್ ಸುತ್ತ ಬೇಡಿಕೆ ಒಮ್ಮೆಗೇ ಏರಿದಾಗ ಯಾವ ಆಟೊ ಯಾರಿಗೆ ಹೋಗಬೇಕು ಎಂಬ ಲೆಕ್ಕವನ್ನು ವಿವರಿಸುವಾಗ ಅವರ ದನಿಗೇ ಕಳೆ ಬರುತ್ತಿತ್ತು. ಕಾಡುತ್ತಿದ್ದದ್ದು ದಾಕ್ಷಿಣ್ಯ. ಸ್ಟಾರ್ಟಪ್ ನಡೆಸಲು ಬ್ಯಾಂಕಿನಲ್ಲಿ ಎಷ್ಟು ತಿಂಗಳಿಗಾಗುವ ಹಣವಿದೆ ಎಂದು ಕೇಳಿದರೆ ಹುಡುಗ ನೊಂದುಕೊಳ್ಳುತ್ತಾನೆ, ಸಂಬಳದ ಸಂಗತಿ ಹೇಳಿದರೆ ಪತ್ನಿ ಬೇಡವೆನ್ನುತ್ತಾಳೆ ಎಂದು ಇಬ್ಬರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹಣದ ಮಾತೆತ್ತಿದರೆ ಸಂಬಂಧ ಕೆಡುತ್ತದೆ ಎಂಬ ಭಯ ನಮ್ಮಲ್ಲಿ ಎಷ್ಟು ಓದಿದವರನ್ನೂ ಬಿಡುವುದಿಲ್ಲ.

ಸೇರಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಿಲ್ಲ. ಮೊದಲು ಪತ್ನಿಯೊಂದಿಗೆ ಕುಳಿತು ತಿಂಗಳ ಖರ್ಚು ಬರೆಯಿರಿ, ಆಮೇಲೆ ಹುಡುಗನಿಗೆ ಪ್ರಶ್ನೆಗಳನ್ನು ಲಿಖಿತವಾಗಿ ಕಳುಹಿಸಿ ಎಂದೆ. ಎಷ್ಟು ಷೇರು ಎಂಬುದಕ್ಕಿಂತ ಒಟ್ಟು ಷೇರುಗಳಲ್ಲಿ ಅದು ಶೇಕಡಾ ಎಷ್ಟು ಎಂಬುದು ಮುಖ್ಯ. ಸಾಮಾನ್ಯವಾಗಿ ಅವು 4 ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತವೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಸಿಗದು. ಮಾರಲಾಗದ ಷೇರಿಗೂ ತೆರಿಗೆ ಕಟ್ಟಬೇಕಾಗಬಹುದು. ಸರ್ಕಾರದ ನಿಯಮ ಬದಲಾದರೆ ಏನು ಮಾಡುತ್ತೀರಿ ಎಂದೂ ಕೇಳಲು ಹೇಳಿದೆ. ಹೈಕೋರ್ಟ್‌ನ ಏಕಸದಸ್ಯ ಪೀಠದ ತೀರ್ಪಿನ ನಂತರ 2025ರ ಜೂನ್‌ನಲ್ಲಿ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ಸೇವೆ ನಿಂತದ್ದನ್ನು ಈ ಊರು ಕಂಡಿದೆ.

ನಾನು ಹೆಚ್ಚು ಒತ್ತಿ ಹೇಳಿದ್ದು ತಂದೆಯ ವಿಮೆಯ ಬಗ್ಗೆ. ಈಗಿನ ಕಂಪನಿಯ ಗುಂಪುವಿಮೆ ಅವರ ಸಕ್ಕರೆ ಕಾಯಿಲೆಗೂ ಅನ್ವಯಿಸುತ್ತಿತ್ತು. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ಬಗೆಯನ್ನು ರಾಜೀನಾಮೆಗೆ ಮುಂಚೆಯೇ ವಿಚಾರಿಸಿ ಎಂದೆ. ಈ ಮಾತಿಗೆ ಅವರು ಮೊದಲ ಬಾರಿ ಪೆನ್ನು ಹೊರತೆಗೆದರು.

ಮುಂದಿನ ಭೇಟಿಗೆ ಪತ್ನಿಯೂ ಬಂದರು. ಅವರಿಗೆ ಸಂಬಳ ಇಳಿಯುವುದಕ್ಕಿಂತ, ತಿಂಗಳುಗಟ್ಟಲೆ ತನ್ನಿಂದ ಮುಚ್ಚಿಟ್ಟದ್ದೇ ನೋವಾಗಿತ್ತು. ಆ ಮಾತಿಗೇ ಹೆಚ್ಚು ಸಮಯ ಕೊಟ್ಟೆವು. ಹುಡುಗ ನೊಂದುಕೊಂಡಿರಲಿಲ್ಲ, ಎಂಟು ತಿಂಗಳ ಹಣವಿದೆ ಎಂದು ಲೆಕ್ಕ ತೋರಿಸಿದ್ದ. ಮುಂದಿನ ಬಂಡವಾಳ ಬಂದ ಮೇಲೆ ಸೇರುವುದೆಂದು ದಂಪತಿ ತೀರ್ಮಾನಿಸಿದ್ದಾರೆ. ಅಲ್ಲಿಯವರೆಗೆ ವಾರಾಂತ್ಯದಲ್ಲಿ ನೆರವಾಗುತ್ತೇನೆ ಎಂದಾಗ, ಹೊರಗಿನ ಕೆಲಸಕ್ಕೆ ಈಗಿನ ಕಂಪನಿಯ ಒಪ್ಪಂದದಲ್ಲಿ ಅವಕಾಶವಿದೆಯೇ ಎಂದು ಮೊದಲು ಓದಿ ನೋಡಲು ಹೇಳಿದ್ದೇನೆ.