ಪೆಟ್ಟು ಬಿದ್ದಾಗ ತಡೆದುಕೊಳ್ಳುವವರು ಯಾರು?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಅಭಿವೃದ್ಧಿ ಹೊಂದಿದ ದೇಶಗಳಿಗೂ ಅಭಿವೃದ್ಧಿಶೀಲ ದೇಶಗಳಿಗೂ ಇರುವ ವ್ಯತ್ಯಾಸ ಬರೆಯಿರಿ ಎಂದರೆ ತಲಾ ಆದಾಯ, ಸಾಕ್ಷರತೆ, ಕೈಗಾರಿಕೆ, ಜನನ ಪ್ರಮಾಣ ಎಂದು ಪಟ್ಟಿ ಮಾಡುತ್ತೇನೆ, ಅಂಕವೂ ಸಿಗುತ್ತದೆ. ಆದರೆ ಇದರಲ್ಲಿ ಯಾವುದು ಮೂಲ, ಯಾವುದು ಪರಿಣಾಮ ಎಂಬುದೇ ತಿಳಿಯುತ್ತಿಲ್ಲ. ನಿಜವಾದ ವ್ಯತ್ಯಾಸ ಎಲ್ಲಿದೆ?

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಆದರೆ ತಲಾ ಆದಾಯಕ್ಕೆ ಅದರಲ್ಲಿ ಮೊದಲ ಸ್ಥಾನ ಕೊಡಲು ನನಗೆ ಮನಸ್ಸಿಲ್ಲ. ಆಫ್ರಿಕಾದ ಈಕ್ವಟೋರಿಯಲ್ ಗಿನಿಯಲ್ಲಿ 1990ರ ದಶಕದಲ್ಲಿ ತೈಲ ಹರಿಯಿತು. ಕೆಲವು ವರ್ಷ ಆ ದೇಶ ವಿಶ್ವಬ್ಯಾಂಕಿನ ‘ಹೆಚ್ಚಿನ ಆದಾಯ’ದ ಪಟ್ಟಿಯಲ್ಲೂ ಇತ್ತು. ಆಗಲೂ ಅಲ್ಲಿನ ಸರಾಸರಿ ಆಯಸ್ಸು 60ರ ಆಸುಪಾಸಿನಲ್ಲೇ ಉಳಿಯಿತು. ಇನ್ನೊಂದೆಡೆ ಮಧ್ಯ ಅಮೆರಿಕದ ಕೋಸ್ಟರಿಕಾ 1941ರಲ್ಲೇ ಸಾಮಾಜಿಕ ವಿಮಾ ನಿಧಿ ಕಟ್ಟಿತು, 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿತು. ಅಲ್ಲಿನ ತಲಾ ಆದಾಯ ಅಮೆರಿಕದ ಕಾಲುಭಾಗಕ್ಕಿಂತ ಕಡಿಮೆ. ಆಯಸ್ಸು ಮಾತ್ರ ಅಮೆರಿಕಕ್ಕೆ ಸರಿಸಮ.

ಹಾಗಾಗಿ ನಾನು ಮೊದಲು ಕೇಳುವುದು ಇದನ್ನು: ಕೆಲಸ ಹೋದಾಗ, ಕಾಯಿಲೆ ಬಂದಾಗ, ಬೆಳೆ ಕೈಕೊಟ್ಟಾಗ ನಷ್ಟ ಯಾರ ಹೆಗಲ ಮೇಲೆ ಬೀಳುತ್ತದೆ? ಅಭಿವೃದ್ಧಿ ಹೊಂದಿದ ದೇಶದಲ್ಲಿ ಅದರ ದೊಡ್ಡ ಪಾಲನ್ನು ಸರ್ಕಾರ, ವಿಮೆ, ಪಿಂಚಣಿ ನಿಧಿ ಹೊತ್ತುಕೊಳ್ಳುತ್ತವೆ. ಅಭಿವೃದ್ಧಿಶೀಲ ದೇಶದಲ್ಲಿ ಅದನ್ನು ಬಹುಪಾಲು ಆ ಕುಟುಂಬವೇ ಹೊರಬೇಕು.

2020ರ ಏಪ್ರಿಲ್ ಅನ್ನು ನೋಡಿ. ಕೋವಿಡ್‌ನಿಂದ ಕೆಲಸ ನಿಂತಾಗ ಜರ್ಮನಿಯಲ್ಲಿ ಸುಮಾರು 60 ಲಕ್ಷ ಕಾರ್ಮಿಕರು ‘ಕುರ್ಟ್ಸ್‌ಆರ್ಬೈಟ್’ ಎಂಬ ಅಲ್ಪಾವಧಿ ದುಡಿಮೆ ಯೋಜನೆಯಲ್ಲಿದ್ದರು. ಕಾರ್ಖಾನೆ ಅವರನ್ನು ಕೈಬಿಡಲಿಲ್ಲ. ಕಳೆದುಕೊಂಡ ನಿವ್ವಳ ಸಂಬಳದಲ್ಲಿ ಶೇ 60, ಮಕ್ಕಳಿದ್ದವರಿಗೆ ಶೇ 67 ಭಾಗ ನಿರುದ್ಯೋಗ ವಿಮಾ ವ್ಯವಸ್ಥೆಯಿಂದ ಬಂತು; ಬಿಕ್ಕಟ್ಟು ಎಳೆದಂತೆ ಅದನ್ನು ಇನ್ನೂ ಏರಿಸಿದರು. ಅದೇ ತಿಂಗಳು ಬಡ ದೇಶಗಳ ಕೋಟ್ಯಂತರ ದಿನಗೂಲಿಗಳಿಗೆ ಕೆಲಸ ನಿಂತ ದಿನವೇ ಆದಾಯವೂ ನಿಂತಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ ದುಡಿಯುವವರಲ್ಲಿ ಶೇ 60ಕ್ಕೂ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ, ಅನೌಪಚಾರಿಕ ದುಡಿಮೆಯಲ್ಲಿ, ಎಂದರೆ ಲಿಖಿತ ಒಪ್ಪಂದವೋ ಸಾಮಾಜಿಕ ಭದ್ರತೆಯೋ ಇಲ್ಲದ ಕೆಲಸದಲ್ಲಿ ಇದ್ದಾರೆ. ಈ ದುಡಿಮೆಯ ಶೇ 93 ಭಾಗ ಇರುವುದು ಉದಯೋನ್ಮುಖ ಮತ್ತು ಅಭಿವೃದ್ಧಿಶೀಲ ದೇಶಗಳಲ್ಲಿ.

ಈ ಎಳೆ ಹಿಡಿದರೆ ನಿಮ್ಮ ಪಟ್ಟಿಯ ಉಳಿದ ಅಂಶಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ವಿಮೆಯಿಲ್ಲದ ರೈತ ಹೆಚ್ಚು ಲಾಭದ ಹೊಸ ಬೆಳೆಗೆ ಕೈ ಹಾಕುವುದಿಲ್ಲ, ಏಕೆಂದರೆ ಅದು ಒಮ್ಮೆ ಕೈಕೊಟ್ಟರೆ ಊಟಕ್ಕೇ ಸಂಚಕಾರ. ಹಾಗಾಗಿ ಕಡಿಮೆ ಇಳುವರಿಯಾದರೂ ಖಾತ್ರಿಯಿರುವ ಬೆಳೆಯನ್ನೇ ಬೆಳೆಯುತ್ತಾನೆ, ಬಡವನಾಗಿಯೇ ಉಳಿಯುತ್ತಾನೆ. ಇದನ್ನು ಅಜ್ಞಾನ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವನ ಸ್ಥಾನದಲ್ಲಿ ನಿಂತರೆ ಯಾರ ಲೆಕ್ಕವೂ ಹಾಗೇ ಬರುತ್ತದೆ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ದನವೋ ಜಮೀನೋ ಮಾರಿಹೋಗುತ್ತದೆ, ಮಗುವಿನ ಶಾಲೆ ನಿಲ್ಲುತ್ತದೆ. ಪಿಂಚಣಿ ಇಲ್ಲದ ಕಡೆ ಮುಪ್ಪಿಗೆ ಮಕ್ಕಳೇ ಆಸರೆ. ಹೆಚ್ಚು ಮಕ್ಕಳು ಹುಟ್ಟಲು ಇದೂ ಒಂದು ಕಾರಣ.

ಸರ್ಕಾರ ಯಾಕೆ ಹೊತ್ತುಕೊಳ್ಳುವುದಿಲ್ಲ ಎಂದು ನೀವು ಕೇಳಬಹುದು. ಶ್ರೀಮಂತ ದೇಶದ ನೌಕರನ ಸಂಬಳದ ಚೀಟಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಟ್ಟು ಸಂಬಳದ ಕೆಳಗೆ ಸಾಲಾಗಿ ಕಡಿತಗಳಿರುತ್ತವೆ: ಆದಾಯ ತೆರಿಗೆ, ಪಿಂಚಣಿ ವಂತಿಗೆ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ. ಹಣ ಅವನ ಕೈ ಸೇರುವ ಮೊದಲೇ ಈ ಪಾಲು ಹೊರಟುಹೋಗಿರುತ್ತದೆ. ಸಂಬಳದ ಚೀಟಿಯೇ ಇಲ್ಲದ ಕಡೆ ಹೀಗೆ ವಸೂಲಿ ಮಾಡುವುದು ಸಾಧ್ಯವಿಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದ ದೇಶಗಳು ಸರಾಸರಿ ಜಿಡಿಪಿಯ ಸುಮಾರು ಶೇ 34ರಷ್ಟನ್ನು ತೆರಿಗೆಯಾಗಿ ಸಂಗ್ರಹಿಸಿದರೆ, ಹಲವು ಬಡ ದೇಶಗಳಲ್ಲಿ ಅದು ಶೇ 15ನ್ನೂ ಮುಟ್ಟುವುದಿಲ್ಲ. ತೆರಿಗೆ ಬಾರದೆ ರಕ್ಷಣೆ ಇಲ್ಲ. ಏನೂ ಕೊಡದ ಸರ್ಕಾರಕ್ಕೆ ತೆರಿಗೆ ಕಟ್ಟಲು ಜನರಿಗೂ ಮನಸ್ಸಿಲ್ಲ. ನನ್ನ ಪ್ರಕಾರ ಗಂಟು ಬಿದ್ದಿರುವುದು ಇಲ್ಲೇ.

ಪ್ರಶ್ನೆ: ಒಂದು ದೇಶ ಯಾವ ಗುಂಪಿಗೆ ಸೇರುತ್ತದೆಂದು ನಿರ್ಧರಿಸುವವರು ಯಾರು?

ಉತ್ತರ: ಒಬ್ಬರೇ ಅಲ್ಲ. ವಿಶ್ವಬ್ಯಾಂಕ್ ಪ್ರತಿ ವರ್ಷ ಜುಲೈ 1ರಂದು ತಲಾ ರಾಷ್ಟ್ರೀಯ ಆದಾಯದ ಮೇಲೆ ದೇಶಗಳನ್ನು ನಾಲ್ಕು ಗುಂಪು ಮಾಡುತ್ತದೆ. ವಿಶ್ವಸಂಸ್ಥೆ ‘ಅತ್ಯಂತ ಹಿಂದುಳಿದ ದೇಶ’ಗಳ ಪಟ್ಟಿಯನ್ನು 1971ರಿಂದ ಇಟ್ಟುಕೊಂಡಿದೆ, ಅದರಿಂದ ಮೊದಲು ಹೊರಬಂದದ್ದು ಬೋಟ್ಸ್ವಾನಾ, 1994ರಲ್ಲಿ. ವಿಶ್ವ ವಾಣಿಜ್ಯ ಸಂಘಟನೆಯಲ್ಲಿ ಮಾತ್ರ ತಾನು ಅಭಿವೃದ್ಧಿಶೀಲ ಎಂದು ಆಯಾ ದೇಶವೇ ಘೋಷಿಸಿಕೊಳ್ಳುತ್ತದೆ.

ಪ್ರಶ್ನೆ: ಜಪಾನ್ ಸರ್ಕಾರದ ಸಾಲ ಆ ದೇಶದ ಜಿಡಿಪಿಯ ಎರಡು ಪಟ್ಟಿಗೂ ಮೀರಿದೆ, ಆದರೂ ಅದು ನಿಂತಿದೆ. ಅಷ್ಟು ಸಾಲವಿಲ್ಲದ ಶ್ರೀಲಂಕಾ ಯಾಕೆ ಕುಸಿಯಿತು?

ಉತ್ತರ: ಜಪಾನ್ ಸಾಲ ಮಾಡಿರುವುದು ತನ್ನದೇ ಯೆನ್‌ನಲ್ಲಿ, ಅದೂ ಬಹುಪಾಲು ತನ್ನದೇ ಜನರಿಂದ, ಬ್ಯಾಂಕುಗಳಿಂದ. ಶ್ರೀಲಂಕಾ ತೀರಿಸಬೇಕಿದ್ದ ಸಾಲದಲ್ಲಿ ದೊಡ್ಡ ಪಾಲು ಡಾಲರ್‌ನಲ್ಲಿತ್ತು, ಡಾಲರನ್ನು ಅದು ಮುದ್ರಿಸಲಾರದು. ರಫ್ತು, ಪ್ರವಾಸೋದ್ಯಮ, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ, ಇವುಗಳಿಂದಲೇ ಡಾಲರ್ ಬರಬೇಕು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ನಂತರ ಕೋವಿಡ್, ಪ್ರವಾಸಿಗರನ್ನು ಓಡಿಸಿದವು. 2019ರ ತೆರಿಗೆ ಕಡಿತ, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದಿಗೆ ಹಾಕಿದ ದಿಢೀರ್ ನಿಷೇಧ ಅಲ್ಲಿನ ಸರ್ಕಾರ ಸ್ವತಃ ಮಾಡಿಕೊಂಡ ಅನಾಹುತಗಳು.

2022ರ ಮಾರ್ಚ್ ಆರಂಭದಲ್ಲಿ ಅಲ್ಲಿ ಡಾಲರ್ ಬೆಲೆ ಸುಮಾರು 200 ಶ್ರೀಲಂಕಾ ರೂಪಾಯಿ. ಮೇ ಹೊತ್ತಿಗೆ 360ರ ಹತ್ತಿರ. ಹೊಸದಾಗಿ ಒಂದು ಪೈಸೆ ಸಾಲ ಮಾಡದಿದ್ದರೂ ಹೊರಸಾಲದ ಭಾರ ರೂಪಾಯಿ ಲೆಕ್ಕದಲ್ಲಿ ಶೇ 80ರಷ್ಟು ಏರಿತು. ಏಪ್ರಿಲ್‌ನಲ್ಲೇ ಮರುಪಾವತಿ ನಿಲ್ಲಿಸಬೇಕಾಯಿತು. ಇಂಧನಕ್ಕೆ, ಔಷಧಕ್ಕೆ ಹಾಹಾಕಾರ ಎದ್ದಿತು. ಮೊದಲ ಉತ್ತರದಲ್ಲಿ ಕುಟುಂಬದ ಬಗ್ಗೆ ಹೇಳಿದ್ದು ಇಲ್ಲಿ ದೇಶಕ್ಕೂ ಅನ್ವಯಿಸುತ್ತದೆ: ಅದೇ ಕೋವಿಡ್‌ನಲ್ಲಿ ಶ್ರೀಮಂತ ದೇಶಗಳು ತಮ್ಮದೇ ಕರೆನ್ಸಿಯಲ್ಲಿ ಅಗ್ಗದ ಸಾಲ ಎತ್ತಿ ಜನರಿಗೆ ಹಂಚಿದವು. ಜಾಂಬಿಯಾ 2020ರಲ್ಲಿ, ಘಾನಾ 2022ರಲ್ಲಿ ಶ್ರೀಲಂಕಾದಂತೆಯೇ ಹೊರಸಾಲದ ಮರುಪಾವತಿ ನಿಲ್ಲಿಸಬೇಕಾಯಿತು.

ಪ್ರಶ್ನೆ: ಹಾಗಾದರೆ ಬಡ ದೇಶ ಮೊದಲು ಶ್ರೀಮಂತವಾಗಲಿ, ಆಮೇಲೆ ಸಾಮಾಜಿಕ ಭದ್ರತೆ ಎನ್ನುವ ವಾದ ಸರಿಯಲ್ಲವೇ?

ಉತ್ತರ: ಇತಿಹಾಸ ಈ ವಾದಕ್ಕೆ ಬೆಂಬಲ ಕೊಡುವುದಿಲ್ಲ. ಜರ್ಮನಿ ಕಾರ್ಮಿಕರ ಆರೋಗ್ಯ ವಿಮೆ ತಂದದ್ದು 1883ರಲ್ಲಿ. ಬ್ರಿಟನ್ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭಿಸಿದ್ದು 1948ರ ಜುಲೈನಲ್ಲಿ. ಯುದ್ಧದಿಂದ ಬಸವಳಿದಿದ್ದ ಆ ದೇಶದಲ್ಲಿ ಆಗ ಆಹಾರಕ್ಕೂ ಪಡಿತರ ಚೀಟಿ ಬೇಕಿತ್ತು. ದಕ್ಷಿಣ ಕೊರಿಯಾ 1977ರಲ್ಲಿ ದೊಡ್ಡ ಕಂಪನಿಗಳ ನೌಕರರಿಂದ ಶುರುಮಾಡಿ 1989ರ ಹೊತ್ತಿಗೆ ಇಡೀ ಜನಸಂಖ್ಯೆಯನ್ನು ಆರೋಗ್ಯ ವಿಮೆಯೊಳಗೆ ತಂದಿತು. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅದನ್ನು ಅಭಿವೃದ್ಧಿ ಹೊಂದಿದ ದೇಶಗಳ ಗುಂಪಿಗೆ ಸೇರಿಸಿದ್ದು 2021ರಲ್ಲಿ.

ನನಗೆ ಹೆಚ್ಚು ಮುಖ್ಯ ಎನಿಸುವುದು ಥಾಯ್ಲೆಂಡ್. ರೈತರು, ಸಣ್ಣ ವ್ಯಾಪಾರಿಗಳು, ಕೂಲಿಗಳಿಂದ ವಂತಿಗೆ ವಸೂಲಿ ಮಾಡುವುದು ಕಷ್ಟವೆಂದು ಆ ದೇಶಕ್ಕೆ ಗೊತ್ತಿತ್ತು. 2002ರಲ್ಲಿ ತಂದ ಸಾರ್ವತ್ರಿಕ ಆರೋಗ್ಯ ಯೋಜನೆಗೆ ಸಾಮಾನ್ಯ ತೆರಿಗೆಯಿಂದಲೇ ಹಣ ಒದಗಿಸಿದರು. ಆಸ್ಪತ್ರೆಗೆ ಹೋದವರು ಆರಂಭದಲ್ಲಿ ಕೊಡಬೇಕಿದ್ದದ್ದು ಭೇಟಿಗೆ 30 ಬಾತ್ ಮಾತ್ರ. ಸರ್ಕಾರಿ ಆಸ್ಪತ್ರೆಗಳ ಮೇಲೆ ಒತ್ತಡ ಹೆಚ್ಚಿತು, ಅನುದಾನ ಸಾಲದೆಂಬ ದೂರುಗಳು ಬಂದವು, ಸರ್ಕಾರಗಳು ಬದಲಾದವು. ಆದರೂ ಅದನ್ನು ರದ್ದು ಮಾಡುವ ಧೈರ್ಯವನ್ನು ಅಲ್ಲಿನ ಯಾವ ಸರ್ಕಾರವೂ ಮಾಡಿಲ್ಲ.